ಬ್ಯಾಟರಿಗೆ ಒತ್ತೆ ಇಟ್ಟ ಮೀಸೆ

ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿ ಕಾಫಿ ಇಳಿಸಿದೆ. ಮೂರು ದಿನದಿಂದ ಜಗಲಿಯಲ್ಲೇ ಮುಗ್ಗುತ್ತಿದ್ದ ಬಟ್ಟೆಗಳನ್ನು ಅಂಗಳದ ಹಗ್ಗಕ್ಕೆ ಸಾಗಿಸಿದೆ. ಕೋಳಿಗಳನ್ನು ಬಿಟ್ಟೆ. ರೊಟ್ಟಿಗೆ ಅಕ್ಕಿಹಿಟ್ಟು ಬೇಯಿಸಿ ಮುಚ್ಚಿಟ್ಟೆ. ಆಮೇಲೆ ಒಂದು ಚೊಂಬು ಬಿಸಿನೀರು, ಒಂದು ಕನ್ನಡಿ, ಒಂದು ಕತ್ತರಿ, ಇಷ್ಟನ್ನು ಜಗಲಿಕಟ್ಟೆಯ ಮೇಲೆ ಜೋಡಿಸಿ ಬಂದೆ. ನಮ್ಮ ಭಾವ ಇವತ್ತು ಮೀಸೆ ಬೋಳಿಸಿಕೊಳ್ಳುವವರಿದ್ದರು.

ಹರಕೆಗೆ ತಲೆ ಬೋಳಿಸಿಕೊಂಡವರನ್ನು ನೀವು ನೋಡಿರಬಹುದು. ಆದರೆ ಕಾರಿನ ಬ್ಯಾಟರಿಗಾಗಿ ನಲವತ್ತು ವರ್ಷದ ಮೀಸೆಯನ್ನು ಒತ್ತೆ ಇಟ್ಟವರು? ಕೊಡಗಿನಲ್ಲಿ ಮಾದಾಪುರದಿಂದ ಕುಟ್ಟದವರೆಗೆ ಹುಡುಕಿದರೂ ನಮ್ಮ ಭಾವ ಒಬ್ಬರೇ!

ಭಾವ ನನ್ನ ಯಜಮಾನರ ಅಣ್ಣ. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾರೆ. ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ರೈಟರ್ ಎಂದರೆ ಕಥೆ ಕಾದಂಬರಿ ಬರೆಯುವವರಲ್ಲ ಮತ್ತೆ! ಆಳುಗಳ ಹಾಜರಿ ಬರೆಯುವವರು. ನಿವೃತ್ತಿಯ ದಿನ ಎಸ್ಟೇಟಿನ ಹಿರಿಯ ಧಣಿಗಳು ತಮ್ಮ ಹಳೇ ಕಾರನ್ನು ಇವರಿಗೆ ಕೊಟ್ಟುಬಿಟ್ಟರು. ಕೆನೆಬಣ್ಣ, ದುಂಡು ಬೆನ್ನು, ನನಗಿಂತ ಹಿರಿಯದು. ಹಾಜರಿ ಹಾಕಲು ಆಳುಗಳಿಲ್ಲದೆ ಕೈ ಕಡಿಯುತ್ತಿದ್ದ ಭಾವ ಅವತ್ತಿನಿಂದ ಬ್ಯಾಟರಿಗೆ ಹಾಜರಿ ಹಾಕತೊಡಗಿದರು.

ಸುಮ್ಮನೆ ಹೇಳುತ್ತಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಅದರ ಚೌಕಗಳಲ್ಲಿ ನಾನು ಹಾಲು, ಗ್ಯಾಸು ಬರೆದುಕೊಳ್ಳುತ್ತೇನೆ. ಭಾವ ಕಾಫಿಗೂ ಮೊದಲು ಮೀಟರ್ ಹಿಡಿದು ಬ್ಯಾಟರಿಯ ವೋಲ್ಟ್ ನೋಡಿ ಅದೇ ಚೌಕದಲ್ಲಿ ಬರೆಯುತ್ತಾರೆ. 12.6 ಇದ್ದರೆ ಆ ದಿನ ಶುಭದಿನ. 12.4 ಆಯಿತೋ, ತಿಂಡಿ ಸೇರುವುದಿಲ್ಲ, ಜಗಲಿಯ ಆ ತುದಿಯಿಂದ ಈ ತುದಿಗೆ ನಡೆದದ್ದೇ ನಡೆದದ್ದು! ಒಮ್ಮೆ ಮನೆಗೆ ಬಂದ ಆಶಾ ಕಾರ್ಯಕರ್ತೆ ಕ್ಯಾಲೆಂಡರ್ ನೋಡಿ ಕಣ್ಣರಳಿಸಿದಳು. "ಅಕ್ಕ, ಈ ವಯಸ್ಸಲ್ಲಿ ಇಷ್ಟು ಚೆನ್ನಾಗಿ ರಕ್ತ ಇಟ್ಕಂಡಿದೀರ! ಏನ್ ತಿಂತೀರ?" ನಾನು ಬಾಯಿ ತೆರೆಯುವ ಮುಂಚೆಯೇ ಹಿಂದಿನಿಂದ ಭಾವ ಉತ್ತರ ಕೊಟ್ಟರು. "ಡಿಸ್ಟಿಲ್ಡ್ ವಾಟರ್ ಕಣಮ್ಮ. ತಿಂಗಳಿಗೊಂದ್ಸಲ."

ಬ್ಯಾಟರಿಗೆ ನಮ್ಮ ಮನೆಯಲ್ಲಿರುವ ಉಪಚಾರ ಬಾಣಂತಿಗೂ ಇರಲಿಕ್ಕಿಲ್ಲ. ಕಾರು ನಿಂತ ಕೂಡಲೇ ಸ್ಪ್ಯಾನರ್ ಹಾಕಿ ಅದರ ಒಂದು ವಯರನ್ನು ಬಿಚ್ಚಬೇಕು, ಇಲ್ಲದಿದ್ದರೆ ಕಾರಿನೊಳಗಿನ ಗಡಿಯಾರ ಕೂತಲ್ಲೇ ಕರೆಂಟು ಕುಡಿಯುತ್ತದಂತೆ. ತುದಿಗಳಲ್ಲಿ ಬಿಳಿ ಹುಡಿ ಕಟ್ಟಿದರೆ ನನ್ನ ಅಡುಗೆ ಸೋಡಾ ಕಲಸಿ ಉಜ್ಜುತ್ತಾರೆ, ಆಮೇಲೆ ನನ್ನದೇ ವ್ಯಾಸಲೀನ್ ಬಳಿಯುತ್ತಾರೆ. ಚಳಿಗಾಲದಲ್ಲಿ ನನ್ನ ಹಿಮ್ಮಡಿ ಒಡೆದಿರುತ್ತದೆ, ಬ್ಯಾಟರಿ ಮಾತ್ರ ಮಿರಮಿರ! ಮಳೆಗಾಲದಲ್ಲಿ ಅದು ಕಾರಿನಿಂದ ಇಳಿದು ಮನೆಯೊಳಗೆ ಮಣೆಯ ಮೇಲೆ ಕೂರುತ್ತದೆ. ಹೌದು, ಊಟದ ಮಣೆಯೇ!

ಎರಡು ವಾರಕ್ಕೊಮ್ಮೆ ಅದನ್ನು ಕಾರಿನಲ್ಲಿ ತಿರುಗಾಡಿಸಿ ತರಬೇಕು. "ಅಂಗಳದಲ್ಲೇ ಇಂಜಿನ್ ಓಡಿಸ್ಬಾರ್ದಾ ಭಾವ?" ಎಂದು ಕೇಳಿ ಪೇಚಿಗೆ ಸಿಕ್ಕಿದ್ದೆ. "ಹಳೇ ಡೈನಮೊ ಕಣಮ್ಮ ಇದು. ನಿಂತ್ಕಂಡ್ರೆ ಒಂದು ತೊಟ್ಟೂ ಕೊಡಲ್ಲ. ಕಾರು ಓಡ್ಬೇಕು, ಅರ್ಧ ಗಂಟೆಯಾದ್ರೂ ಓಡ್ಬೇಕು!" ಎಂದು ಅರ್ಧ ಗಂಟೆ ಪಾಠ ಮಾಡಿದರು.

ಕಾರು ನಿಲ್ಲಿಸುವುದು ಕಡ್ಡಾಯವಾಗಿ ಇಳಿಜಾರಿನಲ್ಲಿ. ಚಕ್ರಕ್ಕೊಂದು ಕಲ್ಲು. ಹೊರಡುವಾಗ ಕಲ್ಲು ತೆಗೆದರೆ ಕಾರು ತಾನೇ ಉರುಳಿ ಸ್ಟಾರ್ಟ್ ಆಗುತ್ತದೆ, ಬ್ಯಾಟರಿಗೆ ಶ್ರಮವಿಲ್ಲ. ಕೊಡಗಿನಲ್ಲಿ ಇಳಿಜಾರಿಗೇನು ಬರ? ಆದರೆ ಕುಶಾಲನಗರ ಚಪ್ಪಟೆ ಊರು! ಅಲ್ಲೊಂದು ಮದುವೆಗೆ ಹೋದಾಗ ಭಾವ ಛತ್ರದ ಸುತ್ತ ಮೂರು ಸುತ್ತು ಹಾಕಿ, ಇಳಿಜಾರು ಸಿಗದೆ, ಕಡೆಗೆ ಮೈಲಿ ದೂರದ ಒಂದು ಏರಿಯಲ್ಲಿ ಕಾರು ನಿಲ್ಲಿಸಿದರು. ರೇಷ್ಮೆ ಸೀರೆ ಎತ್ತಿ ಹಿಡಿದು ಕೆಸರಿನಲ್ಲಿ ನಡೆದು ನಾವು ತಲುಪುವಷ್ಟರಲ್ಲಿ ಧಾರೆ ಮುಗಿದಿತ್ತು. "ಅಣ್ಣ, ಇನ್ನು ಮುಂದೆ ಇಳಿಜಾರಲ್ಲಿರೋ ನೆಂಟರನ್ನೇ ಮಾಡ್ಕಳಣ" ಎಂದರು ನನ್ನ ಯಜಮಾನರು. ಭಾವ ತಲೆಯಾಡಿಸಿದರು. ಅವರಿಗೆ ಅದು ತಮಾಷೆಯಾಗಿ ಕೇಳಿಸಿರಲಿಲ್ಲ!

ಇದೇ ಯಜಮಾನರು ಒಮ್ಮೆ ಒಂದು ಸಣ್ಣ ಇನ್ವರ್ಟರ್ ಡಬ್ಬಿ ತಂದರು. ಕಾರಿನ ಬ್ಯಾಟರಿಗೆ ಸಿಕ್ಕಿಸಿದರೆ ಮನೆಯ ಪ್ಲಗ್ಗು ಅದರಲ್ಲಿ ನಡೆಯುತ್ತದೆ, ಕರೆಂಟು ಹೋದಾಗ ಫೋನಿಗಾಯಿತು ಎಂದು. ಭಾವ ಕೆಂಡವಾದರು. "ಇದು ಸ್ಟಾರ್ಟ್ ಮಾಡೋ ಬ್ಯಾಟರಿ ಕಣೋ. ಒಂದ್ಸಲ ಪೂರ್ತಿ ಬರಿದು ಮಾಡಿದ್ರೆ ಮುಗೀತು, ಮತ್ತೆ ಏಳಲ್ಲ!" ಡಬ್ಬಿ ಅಟ್ಟ ಸೇರಿತು.

ಇಷ್ಟೆಲ್ಲ ಉಪಚಾರದಿಂದ ಆ ಬ್ಯಾಟರಿಗೆ ಎಂಟು ವರ್ಷ ತುಂಬಿತು. ಬೇರೆಯವರದು ನಾಲ್ಕಕ್ಕೇ ಹೋಗುತ್ತದೆ. ಸುಂಟಿಕೊಪ್ಪದಲ್ಲಿ ಭಾವನ ಬಾಲ್ಯದ ಗೆಳೆಯರೊಬ್ಬರಿದ್ದಾರೆ, ಹಳೇ ಜೀಪಿನವರು, ಮೀಸೆಯಲ್ಲೂ ಭಾವನಿಗೆ ಸರಿಜೋಡಿ. ಅವರು ನಂಬಲಿಲ್ಲ. "ಮುಂದಿನ ದಸರಾಕ್ಕೆ ಮಡಿಕೇರೀಲಿ ಹಳೇ ಗಾಡಿಗಳ ಮೆರವಣಿಗೆ ಇದ್ಯಲ್ಲ, ಅವತ್ತು ಮೈದಾನದಲ್ಲಿ, ಸಮ ನೆಲದ ಮೇಲೆ, ಇದೇ ಬ್ಯಾಟರೀಲಿ ಒಂದೇ ಏಟಿಗೆ ಸ್ಟಾರ್ಟ್ ಮಾಡ್ಲಾ ನೋಡಣ. ಸ್ಟಾರ್ಟ್ ಆದ್ರೆ ನನ್ ಮೀಸೆ ಬೋಳು, ಆಗ್ದಿದ್ರೆ ನಿಂದು!" ಎಂದು ಪಂದ್ಯ ಕಟ್ಟಿದರು, ಭಾವ ಒಪ್ಪಿದರು.

ವರ್ಷವಿಡೀ ಭಾವ ಅದೊಂದೇ ಧ್ಯಾನದಲ್ಲಿದ್ದರು. ಹೋದ ಬುಧವಾರ 12.6. ಮೆರವಣಿಗೆ ಭಾನುವಾರ, ಅಂದರೆ ಇವತ್ತು.

ಗುರುವಾರ ಮಳೆ ಮರಳಿ ಬಂತು, ಬ್ಯಾಟರಿ ಮರಳಿ ಮಣೆ ಏರಿತು. ಎಂಥ ಗಾಳಿ! ಸಿಲ್ವರ್ ಓಕ್ ಮರಗಳು ಲೈನಿನ ಮೇಲೆ, ರಸ್ತೆಯ ಮೇಲೆ ಅಡ್ಡಡ್ಡ ಬಿದ್ದವು. ಕರೆಂಟು ಹೋಯಿತು, ದಾರಿ ಎರಡೂ ಕಡೆ ಬಂದ್. ಮನೆಯ ಯುಪಿಎಸ್ ಸಂಜೆಗೇ ಕಣ್ಣು ಮುಚ್ಚಿತು. ನನಗೋ ಥಂಡಿಗಾಳಿ ಸೋಕಿದರೆ ಉಬ್ಬಸ. ಇನ್ಹೇಲರ್ ಪಂಪು ಎಳೆದರೂ ಇಳಿಯಲಿಲ್ಲ. ಔಷಧಿಯ ಹಬೆ ಬಿಡುವ ನೆಬ್ಯುಲೈಸರ್ ಕರೆಂಟಿಲ್ಲದೆ ಸುಮ್ಮನೆ ಕೂತಿತ್ತು. ಯಜಮಾನರು ಕೊಡಲಿ ಹಿಡಿದು ರಸ್ತೆಗೆ ಓಡಿದರು. ನಾನು ಗೋಡೆಗೊರಗಿ ಉಸಿರು ಹುಡುಕುತ್ತಿದ್ದೆ.

ಅಟ್ಟದ ಮೇಲೆ ಏನೋ ಸದ್ದಾಯಿತು. ಭಾವ ಆ ಡಬ್ಬಿ ಹಿಡಿದು ಇಳಿದರು. ಮಣೆಯ ಮೇಲಿದ್ದ ಬ್ಯಾಟರಿಗೆ ಸಿಕ್ಕಿಸಿದರು.

"ಬೇಡಿ ಭಾವ..." ಎಂದೆ, ಅಷ್ಟೇ ಉಸಿರಿತ್ತು.

"ಸುಮ್ನೆ ಸೇದಮ್ಮ ನೀನು."

ಗುರುವಾರ ಸಂಜೆ, ಶುಕ್ರವಾರ ದಿನವಿಡೀ, ಶನಿವಾರ ಮಧ್ಯಾಹ್ನ. ಕಡೆಯ ಸಲ ಡಬ್ಬಿ ಕುಂಯ್ ಕುಂಯ್ ಎಂದು ಅಳತೊಡಗಿತು. ಬ್ಯಾಟರಿ ಬರಿದಾಗುತ್ತಿದ್ದರೆ ಅದು ಹಾಗೆ ಅಳುತ್ತದೆ. ಭಾವ ಸದ್ದು ಬರುವ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಕಿಟಕಿಯಾಚೆ ನೋಡುತ್ತ ಕೂತರು, ನನಗೆ ಕೇಳಿಸಬಾರದೆಂದು.

ಶನಿವಾರ ಸಂಜೆ ದಾರಿಯೂ ಬಿಟ್ಟಿತು, ಕರೆಂಟೂ ಬಂತು. ಬ್ಯಾಟರಿಗೆ ಬೆಳಗಿನವರೆಗೆ ಚಾರ್ಜಿಟ್ಟರು. ಬೆಳಿಗ್ಗೆ ಕಾರಿಗೆ ಕೂರಿಸಿ ಕೀಲಿ ತಿರುಗಿಸಿದರು. ಟಕ್. ಇನ್ನೊಮ್ಮೆ, ಟಕ್. ಭಾವ ಕೆಳಗಿಳಿದು, "ಒಂದು ಚೊಂಬು ಬಿಸಿನೀರು ಕೊಡಮ್ಮ" ಎಂದರು.

ನೀರಿಟ್ಟು ಬಂದು ಹಾಲು ಬರೆಯಲು ಕ್ಯಾಲೆಂಡರಿನ ಮುಂದೆ ನಿಂತೆ. ಶುಕ್ರವಾರ, ಶನಿವಾರ ವೋಲ್ಟ್ ಇರಲಿಲ್ಲ. ಆ ಚೌಕಗಳಲ್ಲಿ ಹಾಜರಿ ಪುಸ್ತಕದ ಅದೇ ಗುಂಡು ಅಕ್ಷರದಲ್ಲಿ ನಾನು ಹಬೆ ಎಳೆದ ಹೊತ್ತುಗಳಿದ್ದವು. ಶುಕ್ರವಾರ ಬೆ. 6, 10, ಮ. 2, ಸಂ. 6. ಶನಿವಾರದ ಕಡೆಯ ಹೊತ್ತಿನ ಪಕ್ಕದಲ್ಲಿ ಎರಡೇ ಮಾತು: ಈಗ ಸರಾಗ.

ಅಷ್ಟರಲ್ಲಿ ಜೀಪು ಬಂತು. ಮಡಿಕೇರಿಗೆ ಹೊರಟಿದ್ದ ಗೆಳೆಯರು ಅಂಗಳದಲ್ಲೇ ನಿಂತರು. ಭಾವನ ಮುಖದ ತುಂಬ ಸೋಪಿನ ನೊರೆ.

"ಏನ್ಲಾ ಇದು?"

"ಬ್ಯಾಟ್ರಿ ಹೋಯ್ತು. ನಾನ್ ಸೋತೆ."

"ಮೊನ್ನೆವರ್ಗೂ ಸರಿ ಇತ್ತಲ್ಲ! ಹೆಂಗ್ ಹೋಯ್ತು?"

"ಕಾರಣ ಕೇಳೋದು ಪಂದ್ಯದಲ್ಲಿ ಇರ್ಲಿಲ್ಲ."

ನಾನು ಬಾಯಿ ತೆರೆದೆ. ಭಾವ ಕನ್ನಡಿಯಿಂದ ಕಣ್ಣು ತೆಗೆಯದೆ, "ಹಾಲು ಉಕ್ತಾ ಇದೆ ನೋಡಮ್ಮ ಒಳಗೆ" ಎಂದರು. ಒಲೆ ಆರಿಸಿ ಅರ್ಧ ಗಂಟೆಯಾಗಿತ್ತು!

ಮದುವೆಯಾಗಿ ಬಂದ ಮೇಲೆ ಭಾವನ ಮಾತು ಮೀರಿದ್ದು ಇವತ್ತೊಂದು ದಿನ. ಜೀಪು ಹೊರಡುವಾಗ ಗೇಟು ಹಾಕುವ ನೆಪದಲ್ಲಿ ಹಿಂದೆಯೇ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಗೇರು ಹಾಕಿ ಹೊರಟುಹೋದರು.

ಒಂದೂವರೆಗೆ ಜೀಪು ವಾಪಸು ಬಂತು. ಇಳಿದವರನ್ನು ನಾನು ಯಾರೋ ಹೊಸಬರೆಂದೇ ತಿಳಿದೆ. ಮೂಗಿನ ಕೆಳಗೆ ಏನೂ ಇರಲಿಲ್ಲ!

ಭಾವ ಎದ್ದು ನಿಂತರು. "ನೀನ್ಯಾಕ್ಲಾ? ಗೆದ್ದೋನು ನೀನು!"

"ಮಡಿಕೇರೀಲಿ ಸೆಲೂನ್ ಖಾಲಿ ಇತ್ತು. ಹಂಗೇ ಕೂತ್ಕಂಡೆ. ಊಟ ಏನಿದೆ?"

ಭಾವ ನನ್ನತ್ತ ತಿರುಗಿ ನೋಡಿದರು. ನಾನು ಸಾರಿಗೆ ಉಪ್ಪು ನೋಡಲು ಒಳಗೆ ಹೋದೆ.

ಊಟಕ್ಕೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಅನ್ನ, ಹುರಳಿ ಸಾರು, ಶಾವಿಗೆ ಪಾಯಸ. ಬೋಳು ಮುಖದವರಿಬ್ಬರೂ ಮೂರು ಮೂರು ಲೋಟ ಪಾಯಸ ಕುಡಿದರು, ಮೀಸೆ ಒರೆಸಿಕೊಳ್ಳುವ ಕೆಲಸವೇ ಇರಲಿಲ್ಲ. ಮೂರು ದಿನದಿಂದ ಒಂದು ಕಡೆ ನೆಮ್ಮದಿಯಾಗಿ ಕೂರದಿದ್ದ ಭಾವ, ಗೆಳೆಯರು ಏನೋ ಹೇಳುತ್ತಿದ್ದಂತೆಯೇ ಜಗಲಿಯ ಕುರ್ಚಿಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋದರು. ನಾನು ಪಾತ್ರೆ ತೊಳೆದಿಟ್ಟು, ಸತ್ತ ಬ್ಯಾಟರಿಗೆ ವ್ಯಾಸಲೀನ್ ಬಳಿದು ಮಲಗಿದೆ.