ತ್ರಿತಾಲೂಕು ಮಾಂಗಾ ನಿರೀಕ್ಷಣಾ ಸಮಿತಿ

ನಿರೀಕ್ಷೆ ಎಂಬುದು ಒಬ್ಬರೇ ಮಾಡುವ ಕೆಲಸವಲ್ಲ ಎಂಬುದು ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ಈಗ ಇತ್ಯರ್ಥವಾಗಿರುವ ವಿಷಯ. ಅದಕ್ಕೊಬ್ಬ ಅಧ್ಯಕ್ಷರು, ಕಾರ್ಯದರ್ಶಿ, ಏಳು ಮಂದಿ ಗೌರವ ಸಲಹೆಗಾರರು ಹಾಗೂ ಕನಿಷ್ಠ ಐವತ್ತು ಪ್ಲಾಸ್ಟಿಕ್ ಕುರ್ಚಿ ಬೇಕು.

ಗಂಗೊಳ್ಳಿಯ ಧನ್ಯಶ್ರೀಗೆ ಇದು ತಿಳಿದಿರಲಿಲ್ಲ. ಕಾಲೇಜಿಗೆ ಹೋಗುವ ಈ ಹುಡುಗಿ ಫೋನಿನಲ್ಲಿ 'ಹನ್ನೆರಡನೇ ಬಂದರು' ಎಂಬ ಅನಿಮೆ, ಅಂದರೆ ಜಪಾನಿನವರ ಕಾರ್ಟೂನು ಸಿನಿಮಾ, ನೋಡಿ ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಬಂದರಿನಲ್ಲಿ ಮೀನು ಕೊಯ್ಯುವ ಅಮ್ಮ, ಅವಳ ಪುಟ್ಟ ಮಗಳು, ಇಷ್ಟೇ ಕತೆ. ಸಿನಿಮಾದುದ್ದಕ್ಕೂ ಅಮ್ಮನ ಬೆನ್ನು ಮಾತ್ರ ಕಾಣುತ್ತದೆ. ಕೊನೆಯಲ್ಲಿ ಮಗಳು ಕರೆಯುತ್ತಾಳೆ, ಅಮ್ಮ ತಿರುಗುತ್ತಾಳೆ, ಅಷ್ಟರಲ್ಲಿ ಸಿನಿಮಾ ಮುಗಿಯುತ್ತದೆ. ಧನ್ಯಶ್ರೀಯ ತಾಯಿ ಸರೋಜ ಬೆಳಕು ಹರಿಯುವ ಮುಂಚೆ ಬುಟ್ಟಿ ಹಿಡಿದು ವಂಡ್ಸೆ ಕಡೆಗೆ ಮೀನು ಮಾರಲು ಹೊರಡುವವಳು. ಕಣ್ಣು ಬಿಟ್ಟಾಗ ಹೊಸ್ತಿಲು ದಾಟುವ ಅಮ್ಮನ ಬೆನ್ನನ್ನೇ ನೋಡಿ ಬೆಳೆದವಳಿಗೆ ಆ ಸಿನಿಮಾ ಎಲ್ಲಿ ನಾಟಬೇಕೋ ಅಲ್ಲೇ ನಾಟಿತ್ತು.

ಆ ಸಿನಿಮಾ ಮಾಂಗಾ ಆಗಿ, ಅಂದರೆ ಚಿತ್ರಕತೆಯ ಪುಸ್ತಕವಾಗಿ ಬರುತ್ತದೆ ಎಂಬ ಸುದ್ದಿ ಬಂತು. ಧನ್ಯಶ್ರೀಗೆ ಇದ್ದದ್ದು ಒಂದೇ ಆಸೆ. ಪುಸ್ತಕದಲ್ಲಾದರೂ ಆ ಅಮ್ಮನ ಮುಖ ನೋಡಬೇಕು.

ಅವಳು ಮಾಡಿದ ತಪ್ಪೆಂದರೆ ಕೋಣೆಗೆ ಅಂಟಿಸಲು ಸಿನಿಮಾದ ಒಂದು ಚಿತ್ರ ಬೇಕೆಂದು ಕುಂದಾಪುರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ರತೀಶನ ಬಳಿ ಹೋದದ್ದು.

"ಕೆಳ್ಗೆ ಶುಭ ಕೋರುವವ್ರ್ ಯಾರ್?" ಎಂದು ರತೀಶ ಕೇಳಿದ.

"ಯಾರೂ ಇಲ್ಲೆ ಅಣ್ಣ. ನಾ ಒಬ್ಳೇ ಕಾಯ್ತಾ ಇಪ್ಪುದ್."

"ಒಬ್ಳೇ ಕಾಯುಕೆ ಅದೆಂತ ಬಸ್ಸಾ ಹೆಣೆ? ಹೆಸ್ರಿಲ್ದಿದ್ ಫ್ಲೆಕ್ಸ್ ಇಷ್ಟ್ ವರ್ಷದಗೆ ಈ ಅಂಗ್ಡಿಂದ ಹೊರ್ಗ್ ಹೋಯಿಲ್ಲೆ."

ಹೀಗೆ ಮೊದಲು ಹೆಸರುಗಳು ಬಂದವು, ಹೆಸರುಗಳ ಹಿಂದೆಯೇ ಸಮಿತಿ ಬಂತು. ಶಾಮಿಯಾನ ಮತ್ತು ಕುರ್ಚಿ ಬಾಡಿಗೆಗೆ ಕೊಡುವ ಪ್ರೇಮಾನಂದರು ಅವಿರೋಧವಾಗಿ ಅಧ್ಯಕ್ಷರಾದರು. ಸಿನಿಮಾ ನೋಡದವರಿಗೆ ಮಾತ್ರ ನಿಷ್ಪಕ್ಷಪಾತವಾಗಿ ನಿರೀಕ್ಷಿಸಲು ಸಾಧ್ಯ ಎಂದು ಅವರು ಪದಗ್ರಹಣ ಭಾಷಣದಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಪದಾಧಿಕಾರಿಗಳ ಸಂಖ್ಯೆ ಅರವತ್ತಮೂರಕ್ಕೆ ನಿಂತಿತು, ಫ್ಲೆಕ್ಸಿನಲ್ಲಿ ಜಾಗ ಮುಗಿದದ್ದರಿಂದ. ಚಿತ್ರದಲ್ಲಿ ಅಮ್ಮನಿಗೆ ಮುಖವಿಲ್ಲದ್ದು ನೋಡಲು ಖಾಲಿ ಖಾಲಿ ಎನಿಸಿ ರತೀಶ ಅಲ್ಲಿ ಪ್ರೇಮಾನಂದರ ನಗುಮುಖವನ್ನು ಕೂರಿಸಿದ. ಕುಂದಾಪುರದ ಶಾಸ್ತ್ರಿ ಸರ್ಕಲಿಗೇರಿದ ಆ ಫ್ಲೆಕ್ಸಿನಲ್ಲಿ ಅವರು ಲಂಗ ತೊಟ್ಟು, ಕೈಯಲ್ಲಿ ಮೀನು ಹಿಡಿದು, ಎರಡು ತಿಂಗಳು ಹೆದ್ದಾರಿಯನ್ನು ನೋಡುತ್ತ ನಿಂತಿದ್ದರು.

ನಿರೀಕ್ಷೆಗಳನ್ನು ನಿಗದಿತ ನಮೂನೆಯಲ್ಲಿ, ಮೂರು ಪ್ರತಿಗಳಲ್ಲಿ ಆಹ್ವಾನಿಸಲಾಯಿತು. ಪುಸ್ತಕದಲ್ಲಿ ಅಮ್ಮ ಕೊಯ್ಯುವ ಮೀನು ಬಂಗುಡೆಯೇ ಆಗಿರತಕ್ಕದ್ದು ಎಂದು ಬೈಂದೂರು ಘಟಕ ನಿರೀಕ್ಷಿಸಿತು. ಕಾಣೆ ಮೀನೇ ಆಗಬೇಕೆಂದು ಬ್ರಹ್ಮಾವರ ಘಟಕ ಪಟ್ಟು ಹಿಡಿದು ಸಭಾತ್ಯಾಗ ಮಾಡಿತು. ಊಟದ ಹೊತ್ತಿಗೆ ಸರಿಯಾಗಿ ವಾಪಸಾಯಿತು. ಕೋಟದ ಚಂದ್ರ ಎಂಬವರು ಕೊನೆಯ ಪುಟದಲ್ಲಿ ವಂದನಾರ್ಪಣೆ ಇರಬೇಕೆಂದು ಬರೆದುಕೊಟ್ಟರು. ಧನ್ಯಶ್ರೀಯ ನಿರೀಕ್ಷೆಗೆ ನಲವತ್ತೇಳನೇ ಕ್ರಮಾಂಕ ಬಿದ್ದು, ಸಮಯದ ಅಭಾವದಿಂದ ಅದನ್ನು ಓದಲಾಗಲಿಲ್ಲ.

ಇಷ್ಟರಲ್ಲಿ ಪುಸ್ತಕ ಬಂದೇಬಿಟ್ಟಿತು.

ಸಮಿತಿಯ ಹೆಸರಿನಲ್ಲಿ ತರಿಸಿದ್ದರಿಂದ ಕೊರಿಯರು ನೇರ ಪ್ರೇಮಾನಂದರ ಕೈ ಸೇರಿತು. ಅವರು ಅದನ್ನು ಶಾಮಿಯಾನ ಅಂಗಡಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಧನ್ಯಶ್ರೀ ಓಡೋಡಿ ಬಂದಾಗ ಕಾರ್ಯದರ್ಶಿ ರತೀಶ ಗಂಭೀರವಾಗಿ ನಿಯಮ ಒಂಬತ್ತನ್ನು ಓದಿದ: "ನಿರೀಕ್ಷೆ ಈಡೇರಿದ ಕೂಡಲೇ ಸಮಿತಿಯು ತಾನೇ ತಾನಾಗಿ ವಿಸರ್ಜನೆಗೊಳ್ಳತಕ್ಕದ್ದು."

ನಿಯಮಾವಳಿಯನ್ನು ರತೀಶ ಹಳೆಯ ಸೇತುವೆ ಹೋರಾಟ ಸಮಿತಿಯದ್ದರಿಂದ ಇಳಿಸಿಕೊಂಡಿದ್ದ. ಆ ಸಮಿತಿಗೂ ಪ್ರೇಮಾನಂದರೇ ಅಧ್ಯಕ್ಷರು. ಸೇತುವೆ ಬಂತು, ಸಮಿತಿ ಹೋಯಿತು, ಆಮೇಲೆ ಎರಡು ವರ್ಷ ಅವರನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ತಾವೇ ಹಾಕಿಸಿದ ಶಾಮಿಯಾನದಡಿ ಹಿಂದಿನ ಸಾಲಿನಲ್ಲಿ ಕೂರುವ ಸಂಕಟ ಅನುಭವಿಸಿದವರಿಗೇ ಗೊತ್ತು.

"ಕಾಣ್ ಮಗಾ," ಎಂದರು ಪ್ರೇಮಾನಂದರು. "ನಿಂಗ್ ಮುಖ ಕಾಣ್ಕ್, ನಂಗ್ ಸಮಿತಿ ಉಳಿಕ್. ಎರ್ಡೂ ಆಪುದ್ ಹ್ಯಾಂಗೆ?"

"ಒಂದೇ ಒಂದ್ ಪುಟ ಪ್ರೇಮಣ್ಣ. ಕಂಡ್ಕಂಡ್ ಕೊಡ್ತೆ."

"ಒಂದ್ ಪುಟ ಸಾಕ್ ಮರಾಯ್ತಿ, ಈಡೇರುಕೆ."

ನಿಯಮ ತಿದ್ದೋಣವೆಂದರೆ ಅರವತ್ತಮೂರು ಪದಾಧಿಕಾರಿಗಳೂ ಒಂದೆಡೆ ಹಾಜರಿರಬೇಕು. ಅವರೆಲ್ಲ ಒಂದೆಡೆ ಇದ್ದದ್ದು ಫ್ಲೆಕ್ಸಿನಲ್ಲಿ ಮಾತ್ರ. ಹದಿನೇಳು ದಿನ ಧನ್ಯಶ್ರೀ ಕಾಲೇಜು ಬಿಟ್ಟು ಬರುವಾಗ ಅಂಗಡಿಯ ಮುಂದೆ ನಿಂತು ಕಪಾಟನ್ನು ನೋಡಿ ಹೋಗುತ್ತಿದ್ದಳು. ಪ್ರೇಮಾನಂದರೇನು ಕಲ್ಲಲ್ಲ, ಅವರಿಗೂ ಊಟ ಸೇರದಾಯಿತು. ಕೊನೆಗೆ ಬ್ರಹ್ಮಾವರ ಘಟಕದ ನಿವೃತ್ತ ಶಿಕ್ಷಕಿ ಪ್ರಫುಲ್ಲಾ ದಾರಿ ತೋರಿಸಿದರು: ಒಬ್ಬ ಅಧಿಕೃತ ಪರಿಶೀಲಕಿ ಬಾಗಿಲು ಹಾಕಿಕೊಂಡು ಪುಸ್ತಕ ನೋಡಿ ವರದಿ ಕೊಡಲಿ. ವರದಿಯ ನಮೂನೆಯನ್ನು ರತೀಶ ಮುದ್ರಿಸಿ ತಂದ. ಅದರಲ್ಲಿ 'ನಿರೀಕ್ಷೆ ಈಡೇರಿಲ್ಲ' ಎಂಬ ಒಂದೇ ಸಾಲು, ಕೆಳಗೆ ಸಹಿಗೆ ಜಾಗ. ಆಯ್ಕೆಗಳು ಹೆಚ್ಚಾದರೆ ಪರಿಶೀಲಕರಿಗೆ ಗೊಂದಲವಾಗುತ್ತದೆ ಎಂಬುದು ಸಮಿತಿಯ ಸದುದ್ದೇಶವಾಗಿತ್ತು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವಿಕೆಯ ಬಳಿಕ ಧನ್ಯಶ್ರೀಯನ್ನು ಸಭಾಭವನದ ಪಕ್ಕದ ಕೋಣೆಗೆ ಬಿಡಲಾಯಿತು. ಹೊರಗೆ ಸಭೆ ಕಾದು ಕೂತಿತು.

ಅವಳು ಪುಟ ಮಗುಚುತ್ತ ಹೋದಳು. ಬೆನ್ನು, ಬೆನ್ನು, ಮತ್ತೆ ಬೆನ್ನು. ಕೊನೆಯ ಪುಟದಲ್ಲಿ ಅಮ್ಮ ತಿರುಗಿದ್ದಳು. ಬಿಸಿಲಿಗೆ ಕಣ್ಣು ಕಿರಿದಾದ, ಕೆನ್ನೆಗೆ ಮೀನಿನ ಹುರುಪೆ ಅಂಟಿದ ಮುಖ. ದಣಿದಿತ್ತು. ಮಗಳನ್ನು ಕಂಡ ಖುಷಿಗೆ ದಣಿವನ್ನೇ ಮರೆತಿತ್ತು. ಧನ್ಯಶ್ರೀ ನಿರೀಕ್ಷಿಸಿದ್ದಕ್ಕಿಂತ ಹೆಚ್ಚೇ ಇತ್ತು. ಅವಳು ಆ ಪುಟದ ಮೇಲೆ ಕೈಯಿಟ್ಟು ತಡೆಯಲಾರದೆ ಅತ್ತಳು.

ಕಣ್ಣು ಕೆಂಪಾಗಿಸಿಕೊಂಡು ಅವಳು ಹೊರಗೆ ಬಂದಳು. ಪ್ರೇಮಾನಂದರು ಮೈಕು ಹಿಡಿದೇ ಎದುರಿಗೆ ಬಂದರು.

"ಹ್ಯಾಂಗಿತ್ತ್ ಮಗಾ?"

ಸಿಕ್ಕಿತು ಎಂದು ಕೂಗಿ ಹೇಳುವಷ್ಟು ಖುಷಿ ಅವಳಿಗಿತ್ತು. ಎದುರಿಗೆ ಪ್ರೇಮಾನಂದರ ಮುಖ, ಹಿಂದಿನ ಸಾಲಿಗೆ ಮರಳಬೇಕಾದವರ ಮುಖ. ಅವಳು ಮೂಗೊರೆಸಿಕೊಂಡಳು.

"ಸಾಕಾಯಿಲ್ಲೆ ಪ್ರೇಮಣ್ಣ," ಎಂದಳು.

ಚಪ್ಪಾಳೆ ಒಂದು ನಿಮಿಷ ನಿಲ್ಲಲಿಲ್ಲ. 'ಪರಿಶೀಲಕಿಯವರು ಕಣ್ಣೀರಿಡುವಷ್ಟು ನಿರಾಶರಾಗಿದ್ದು, ಸಭೆಯು ತೀವ್ರ ಸಂತೋಷ ವ್ಯಕ್ತಪಡಿಸಿತು' ಎಂದು ನಡಾವಳಿಯಲ್ಲಿ ದಾಖಲಾಯಿತು. ಸ್ಥಳದಲ್ಲೇ ಸಾಂತ್ವನ ಸನ್ಮಾನ ಏರ್ಪಟ್ಟಿತು: ಶಾಲು, ಹಾರ, ಹಣ್ಣಿನ ತಟ್ಟೆ. ಸ್ಮರಣಿಕೆ ತರಿಸಲು ಮರೆತಿದ್ದರು. ನಿರೀಕ್ಷೆ ಈಡೇರಿಸದ ಪುಸ್ತಕವನ್ನು ಇಟ್ಟುಕೊಂಡು ಸಮಿತಿಗೆ ಆಗಬೇಕಾದ್ದೇನೂ ಇಲ್ಲವೆಂದು ತೀರ್ಮಾನಿಸಿ ಅದನ್ನೇ ಅವಳ ಕೈಗಿತ್ತರು.

ಬಳಿಕ, ಈ ಮಾಂಗಾ ಆದಷ್ಟು ಬೇಗ ಅನಿಮೆ ಸಿನಿಮಾ ಆಗಿ ಬರಲೆಂದು ನಿರೀಕ್ಷಿಸುವ ನಿರ್ಣಯವನ್ನು ರತೀಶ ಮಂಡಿಸಿದ.

"ಹ್ವಾಯ್, ಸಿನಿಮಾ ಮೊದ್ಲೇ ಬಂದಿತ್ತಲೆ!" ಎಂದರು ಹಿಂದಿನಿಂದ ಚಂದ್ರ.

ಸದರಿ ಸಿನಿಮಾ ಸಮಿತಿಯ ರಚನೆಗಿಂತ ಮುಂಚೆಯೇ, ಪೂರ್ವಾನುಮತಿ ಇಲ್ಲದೆ ಬಂದಿರುವುದರಿಂದ ಅದನ್ನು ಗಣನೆಗೆ ತೆಗೆದುಕೊಳ್ಳತಕ್ಕದ್ದಲ್ಲ ಎಂದು ಅಧ್ಯಕ್ಷರು ವಿವರಿಸಿದರು. ಚಂದ್ರ ಒಪ್ಪಿ ಕೂತರು. ಅನುಮೋದಿಸುವವರು ಕೈ ಎತ್ತಬೇಕೆಂದು ಮೈಕಿನಲ್ಲಿ ಕೋರಲಾಯಿತು. ಧನ್ಯಶ್ರೀ ಶಾಲಿನೊಳಗೆ ಪುಸ್ತಕವನ್ನು ಅವುಚಿಕೊಂಡು, ಎಲ್ಲರಿಗಿಂತ ಮೊದಲು ಕೈ ಎತ್ತಿದಳು.