ಇಪ್ಪತ್ತು ಸೆಕೆಂಡಿಗೊಬ್ಬ ಗಿರಾಕಿ

ಹಲಸೂರು
೧೪ ಅಕ್ಟೋಬರ್ ೨೦೦೨

ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಬಾಡಿಗೆ ಕೊಡದೆ ವಾಸವಾಗಿರುವ ಆಟೋ ರಿಫ್ರೆಶ್ ಅವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಚಿಕ್ಕವೆಂಕಟಪ್ಪ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ, ಇಪ್ಪತ್ತು ಸೆಕೆಂಡಿಗೊಮ್ಮೆ ಕಣ್ಣಾರೆ ಕಂಡಿದ್ದೇನೆ. ನನ್ನ ಕ್ಷೇಮದ ಬಗ್ಗೆ ಹೇಳುವುದಾದರೆ, ತಮ್ಮ ಸೇವೆಗೆ ಈವರೆಗೆ ತಗುಲಿದ ವೆಚ್ಚ ಇಷ್ಟು: ಹನ್ನೊಂದು ದಿನ, ಮುನ್ನೂರು ಕುರ್ಚಿ, ಎರಡು ನಾಮಕರಣ, ಒಂದು ಮದುವೆ.

ಕುರ್ಚಿ ಹೊರುವವನಾಗಿ ಈ ಕಸುಬಿಗೆ ಬಂದ ನನ್ನನ್ನು ನನ್ನ ಭಾವಮೈದ ಭೀಮೇಶ್ "ಭಾವ, ಲೋಕವೆಲ್ಲ ಇಂಟರ್‌ನೆಟ್ಟಲ್ಲಿ ಬುಕಿಂಗ್ ಮಾಡ್ತಿದೆ, ನೀವಿನ್ನೂ ಗೋಡೆ ಮೇಲೆ ಬರೆಸ್ತಾ ಕೂತಿದ್ದೀರಲ್ಲ" ಎಂದು ಹಂಗಿಸಿ, ಅಂಗಡಿಯ ಹೆಸರಿನಲ್ಲಿ ಒಂದು ಪುಟ ಮಾಡಿಕೊಟ್ಟ. ಮೇಲ್ಗಡೆ 'ಈವರೆಗೆ ಭೇಟಿ ಕೊಟ್ಟವರು' ಎಂಬ ಲೆಕ್ಕ, ನಡುವೆ ನನ್ನ ಹಂಡೆ ಕೊಳಗಗಳ ಫೋಟೋ, ತೀರ ಕೆಳಗೆ ಗಿರಾಕಿಗಳು ಆರ್ಡರ್ ಬರೆಯುವ ಜಾಗ. ಹೊಸ ಆರ್ಡರ್ ಬಂತೇ ಎಂದು ನೋಡಲು ಪುಟವನ್ನು ಮತ್ತೆ ಮತ್ತೆ ತೆರೆಯಬೇಕಾಗಿ, ಒಂದೇ ದಿನಕ್ಕೆ ನನ್ನ ತೋರುಬೆರಳು ಊದಿಕೊಂಡಿದ್ದರಿಂದ, ಭೀಮೇಶ್ ಬ್ರೌಸರಿನಲ್ಲಿ ಎಲ್ಲೋ ಒತ್ತಿ, 'ಪ್ರತಿ ಇಪ್ಪತ್ತು ಸೆಕೆಂಡಿಗೆ' ಎಂದು ಗುರುತು ಹಾಕಿ, ಪುಟವನ್ನು ತಾನೇ ತಾನಾಗಿ ಹೊಸದಾಗಿ ತೆರೆಯುವ ತಮ್ಮನ್ನು ಕೆಲಸಕ್ಕಿಟ್ಟ.

ತಮ್ಮಂಥ ಆಳನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಬೀಡಿ ಸೇದಲು ಹೋಗುವುದಿಲ್ಲ, ಒಂದೇ ಅಜ್ಜಿಯನ್ನು ಮೂರು ಸಲ ಸಾಯಿಸಿ ರಜೆ ಕೇಳುವುದಿಲ್ಲ. ಮೊದಲ ಸಂಜೆಗೇ ಭೇಟಿ ಕೊಟ್ಟವರ ಲೆಕ್ಕ ಒಂದು ಸಾವಿರದ ಎಂಟುನೂರು! ನಮ್ಮ ಕಸುಬಿನಲ್ಲಿ ನೂರು ತಲೆಗೆ ಅರವತ್ತು ಕುರ್ಚಿ, ಉಳಿದವರು ಊಟದ ಪಂಕ್ತಿಯಲ್ಲಿರುತ್ತಾರೆ. ಆ ಪ್ರಕಾರ ಗುಣಿಸಿ, ಸಾವಿರ ದಾಟಿದ್ದಕ್ಕೆ ಬೆವರಿ, ಸದ್ಯಕ್ಕೆಂದು ಮುನ್ನೂರು ಹೊಸ ಕುರ್ಚಿ ತರಿಸಿದೆ. ಅಂಗಡಿಗೇ ಬಂದು ಕೇಳಿದ ಎರಡು ನಾಮಕರಣದವರಿಗೆ, ದೊಡ್ಡ ಜನಸ್ತೋಮ ಬರುತ್ತಿದೆ, ಕ್ಷಮಿಸಿ ಎಂದೆ. ಹನ್ನೊಂದನೆಯ ದಿನ ಲೆಕ್ಕ ಹದಿನೆಂಟು ಸಾವಿರ ದಾಟಿತು.

ಆ ಮಧ್ಯಾಹ್ನ ಎರಡು ಗಂಟೆ ಕಾಲ ಕರೆಂಟ್ ಹೋಗಿ ಬಂತು. ಅಷ್ಟು ಹೊತ್ತಿನಲ್ಲಿ ಲೆಕ್ಕ ಏರಿದ್ದು ಒಂದೇ ಒಂದು. ನನ್ನ ಹೆಂಡತಿ ಮಂಜುಳಮ್ಮ ಊಟದ ಕ್ಯಾರಿಯರ್ ಕೆಳಗಿಟ್ಟು, "ಹಲಸೂರಲ್ಲಿ ಕರೆಂಟ್ ಹೋದ್ರೆ ಲೋಕದವರೆಲ್ಲ ಬರೋದು ನಿಲ್ಲಿಸ್ತಾರೇನ್ರೀ? ನೀವು ಬೀಗ ಹಾಕಿದ್ರೆ ಒಬ್ಬರೂ ಇಲ್ಲ, ಬೀಗ ತೆಗೆದ್ರೆ ಸಾಲುಸಾಲು. ಬರ್ತಿರೋದು ನೀವೇ!" ಎಂದಳು.

ತಮ್ಮನ್ನು ನಿಲ್ಲಿಸಿ ಮೊದಲ ಸಲ ಸಾವಕಾಶವಾಗಿ ಪುಟದ ಕೆಳಗಿಳಿದೆ. ಇಷ್ಟು ದಿನ ನಾನು ಹಂಡೆಗಳನ್ನು ದಾಟುವಷ್ಟರಲ್ಲಿ ತಾವು ಪುಟ ತೆರೆದು ಮತ್ತೆ ಮೇಲಿನ ಲೆಕ್ಕದ ಮುಂದೆ ತಂದು ನಿಲ್ಲಿಸುತ್ತಿದ್ದಿರಿ. ನನಗೂ ಅಲ್ಲಿ ನಿಲ್ಲುವುದು ಹಿತವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಕೆಳಗೆ ಒಂದೇ ಆರ್ಡರ್ ಇತ್ತು, ಎರಡನೆಯ ದಿನದ್ದು. ಮೂವತ್ತು ವರ್ಷದಿಂದ ಮನೆಯ ಶುಭಕ್ಕೂ ಸಾವಿಗೂ ನನ್ನ ಶಾಮಿಯಾನವನ್ನೇ ಹಾಕಿಸಿದ ಫ್ರೇಜರ್ ಟೌನಿನ ಜಿಯಾವುಲ್ಲಾ ಸಾಹೇಬರು ಕಿರಿಮಗಳ ಕೈಯಲ್ಲಿ ಬರೆಸಿದ್ದರು: 'ನಮ್ಮ ದೊಡ್ಡ ಮಗಳು ಗುಲ್ಷನ್ ಮದುವೆ. ಇನ್ನೂರು ಕುರ್ಚಿ. ನಿಮ್ಮ ಹೊಸ ಅಂಗಡಿಗೆ ಬೋಣಿ ನಮ್ಮದೇ ಆಗಲಿ.'

ಓಡಿದೆ. ರಸೆಲ್ ಮಾರುಕಟ್ಟೆಯ ಮುಂದೆ ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು ಸಿಕ್ಕಿದರು. "ಏನ್ ವೆಂಕಟಪ್ಪಣ್ಣ, ನಮ್ಮಂಥವರಿಗೆ ಒಂದು ಜವಾಬೂ ಇಲ್ವಾ ಈಗ? ಫೋನ್ ಮಾಡಿದ್ರೆ ಬೆಳಗಿಂದ ಸಂಜೆವರೆಗೂ ಎಂಗೇಜು. ಮೂವತ್ತು ವರ್ಷ ಆದ್ಮೇಲೆ ಬಾಗಿಲಿಗೆ ಬಂದು ಬೇಡ್ಬೇಕಾ? ಕೆ.ಆರ್. ಪುರದ ಶಾಮಿಯಾನದವರಿಗೆ ಕೊಟ್ಟಾಯ್ತು. ನಾಳೆ ನಿಕಾ, ಊಟಕ್ಕೆ ಬನ್ನಿ" ಎಂದರು. ಅಂಗಡಿಯ ಒಂದೇ ಫೋನ್ ತಂತಿಯನ್ನು ಇಂಟರ್‌ನೆಟ್ಟಿಗೆಂದು ದಿನವಿಡೀ ತಾವೇ ಹಿಡಿದುಕೊಂಡಿದ್ದಿರಿ ಎಂದು ಅವರಿಗೆ ಹೇಗೆ ಹೇಳಲಿ? ಬೈದಿದ್ದರೆ ವಾಸಿಯಿತ್ತು, ಊಟಕ್ಕೆ ಕರೆದರು.

ಆದಕಾರಣ ತಮ್ಮಲ್ಲಿ ವಿನಮ್ರ ಪ್ರಾರ್ಥನೆ. ಆ ಹದಿನೆಂಟು ಸಾವಿರ ಮಂದಿಯನ್ನು ಪಂಕ್ತಿ ಪಂಕ್ತಿಯಾಗಿ ಕಳಿಸಿಕೊಟ್ಟು ನನ್ನ ಮುನ್ನೂರು ಕುರ್ಚಿಗಳಲ್ಲಿ ತಲಾ ಎರಡು ನಿಮಿಷ ಕೂರಿಸಬೇಕು, ಎಲ್ಲರಿಗೂ ನನ್ನದೇ ಮುಖವಿದ್ದರೂ ಅಭ್ಯಂತರವಿಲ್ಲ. ಇಪ್ಪತ್ತು ಸೆಕೆಂಡಿಗೊಮ್ಮೆ ತೆರೆಯುವ ತಮ್ಮ ಪ್ರತಾಪವನ್ನು ನಮ್ಮ ಬೀದಿಯ ನಲ್ಲಿಯ ಮೇಲೂ ಕೊಂಚ ತೋರಿಸಬೇಕು. ಸಾಧ್ಯವಾದರೆ ಆ ಎರಡನೆಯ ದಿನವನ್ನು ಒಂದು ಸಲ, ಒಂದೇ ಸಲ, ಹೊಸದಾಗಿ ತೆರೆದುಕೊಡಬೇಕು. ಅದಾದರೆ ಮಿಕ್ಕಿದ್ದನ್ನೆಲ್ಲ ಮನ್ನಾ ಮಾಡುತ್ತೇನೆ.

ಭೇಟಿ ಕೊಟ್ಟ ಹದಿನೆಂಟು ಸಾವಿರ ಮಂದಿಯ ಪರವಾಗಿ,
ತಮ್ಮ ವಿಶ್ವಾಸಿ,
ಚಿಕ್ಕವೆಂಕಟಪ್ಪ

ತಾ.ಕ.: ಮದುವೆ ನಿನ್ನೆ ಮುಗಿಯಿತು. ತಾವು ತಲೆ ಮಾತ್ರ ಎಣಿಸುವವರಾದ್ದರಿಂದ, ಯಾರಿಗೆ ಏನು ದಕ್ಕಿತೆಂದು ನಾನೇ ಬರೆದಿದ್ದೇನೆ. ಗುಲ್ಷನ್‌ಗೆ ಗಂಡ. ಕೆ.ಆರ್. ಪುರದವರಿಗೆ ಜಿಯಾವುಲ್ಲಾ ಸಾಹೇಬರ ಮನೆ, ಮುಂದಿನ ಮದುವೆಗಳೂ ಸೇರಿ. ಭೀಮೇಶನಿಗೆ, ಆ ಹದಿನೆಂಟು ಸಾವಿರವನ್ನು ತೋರಿಸಿ ತಾನು ಹಿಡಿದ, ಇಂಥದ್ದೇ ಪುಟ ಮಾಡಿಸುವ ಇಬ್ಬರು ಹೊಸ ಗಿರಾಕಿಗಳು. ನನಗೆ ಪೆಂಡಾಲಿನ ಕೊನೆಯ ಸಾಲಿನಲ್ಲಿ ಒಂದು ಕುರ್ಚಿ. ಅದರ ಬೆನ್ನ ಮೇಲೆ ಕೆ.ಆರ್. ಪುರದವರ ಹೆಸರಿತ್ತು.