ಆನೆ ಪಕ್ಷದ ನಮ್ಮ ಷಡ್ಡಕರು

ನನ್ನ ಷಡ್ಡಕರು ಅಮೆರಿಕಕ್ಕೆ ಹೋದವರಲ್ಲ. ಹೋಗಲು ವೀಸಾಕ್ಕೆ ಅರ್ಜಿ ಹಾಕಿದವರೂ ಅಲ್ಲ. ಆದರೆ ತಮ್ಮನ್ನು ಒಂದು ಮಾತು ಕೇಳದೆ ಅಮೆರಿಕ ಯಾವ ಕಾನೂನು ಮಾಡಿದರೂ ಅದು ನೆಟ್ಟಗಾಗುವುದಿಲ್ಲ ಎಂಬುದು ಅವರ ದೃಢವಾದ ನಂಬಿಕೆ. ಇದು ಅವರೊಬ್ಬರ ನಂಬಿಕೆಯಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ನನ್ನ ಹೆಂಡತಿ, ನನ್ನ ಮಗ, ನನ್ನ ಅತ್ತೆ, ಕೊನೆಗೆ ನಮ್ಮ ಕಟ್ಟಡದ ವಾಚ್‌ಮನ್ ಕೂಡ ಹಾಗೆಯೇ ನಂಬಿದ್ದಾರೆ. ಹೊಟ್ಟೆ ಉರಿಯದೆ ಇರುತ್ತದೆಯೇ, ನೀವೇ ಹೇಳಿ!

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ನಾನು ಕರೆಯುವುದು ‘ಅಣ್ಣ’ ಎಂದು. ನಾವಿರುವ ಈ ಕೊಲ್ಲಿ ದೇಶದಲ್ಲಿ, ಅಲ್ ಕೂಜ್ ಎಂಬಲ್ಲಿನ ಒಂದು ಗೋದಾಮಿನಲ್ಲಿ ಎಸಿ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುತ್ತಾರೆ. ಅಲ್ ಮುರಕ್ಕಬಾತ್‌ನಲ್ಲಿ ನಮ್ಮಿಬ್ಬರದೂ ಒಂದೇ ಕಟ್ಟಡ. ಅವರದು ನಾಲ್ಕನೇ ಮಹಡಿ, ನಮ್ಮದು ಎರಡನೆಯದು. ಅದರಲ್ಲೂ ಅವರೇ ಮೇಲೆ!

ಇನ್ನು ನನ್ನ ಕೆಲಸ ಏನೆಂದು ಹೇಳಿದರೆ ನನ್ನ ಸಂಕಟ ನಿಮಗೆ ಅರ್ಥವಾದೀತು. ನಾನು ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದೇನೆ. ಡಾಕ್ಟರು ಬರೆದ ಪರೀಕ್ಷೆಗೆ ಇನ್ಶೂರೆನ್ಸ್ ಕಂಪನಿಯಿಂದ ಅಪ್ರೂವಲ್ ತರಿಸುವುದು, ಅದು ಬರುವವರೆಗೆ ರೋಗಿಗಳನ್ನು ಸಮಾಧಾನ ಮಾಡುವುದು ನನ್ನ ಹೊಣೆ. ‘ಅಪ್ರೂವಲ್ ಬಂದಿಲ್ಲ, ಕೂತ್ಕೊಳ್ಳಿ’ ಎಂದು ನಾನು ಆರು ಭಾಷೆಗಳಲ್ಲಿ ಹೇಳಬಲ್ಲೆ. ಇಷ್ಟಿದ್ದರೂ ನಮ್ಮ ಕುಟುಂಬದಲ್ಲಿ ಆರೋಗ್ಯ ವಿಮೆಯ ವಿಷಯ ಬಂದರೆ ಎಲ್ಲರೂ ತಿರುಗಿ ನೋಡುವುದು ಕಂಪ್ರೆಸರ್ ಎಣಿಸುವ ಆ ಮನುಷ್ಯನ ಕಡೆಗೆ! ಒಂದು ಸಲ, ಒಂದೇ ಒಂದು ಸಲ, ನನ್ನ ಮನೆಯವರು ನನ್ನನ್ನು ಕೇಳಬೇಕು ಎಂಬುದು ನನ್ನ ಜೀವನದ ಆಸೆ.

ಅಮೆರಿಕದ ಎರಡು ದೊಡ್ಡ ಪಕ್ಷಗಳಲ್ಲಿ ಒಂದರ ಗುರುತು ಆನೆ, ಇನ್ನೊಂದರದು ಕತ್ತೆ. ನಮ್ಮ ಷಡ್ಡಕರು ಆನೆಯ ಕಡೆ. ಸರ್ಕಾರ ಸಣ್ಣದಿರಬೇಕು, ತೆರಿಗೆ ಕಡಿಮೆಯಿರಬೇಕು, ಮನುಷ್ಯ ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಇದು ಅವರ ಸಿದ್ಧಾಂತ. ಎಲ್ಲರ ಚಿಕಿತ್ಸೆಯನ್ನೂ ಸರ್ಕಾರವೇ ವಹಿಸಿಕೊಳ್ಳುವ ಸುಧಾರಣೆ ಎಂದರೆ ಅವರಿಗೆ ಆಗುವುದಿಲ್ಲ. ವಿಸಿಟ್ ವೀಸಾದಲ್ಲಿ ಬಂದು ಮೂರು ತಿಂಗಳಿಂದ ನಮ್ಮಲ್ಲಿರುವ ಅತ್ತೆಗೆ ಇದೆಲ್ಲ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. "ಆನೆ ಅಂದ್ರೆ ಗಣಪತಿ ಅಲ್ವಾ? ಮತ್ತೆ ಕತ್ತೆಗೆ ಯಾರು ಓಟು ಹಾಕ್ತಾರೆ!" ಎಂದು ಅವರು ಮೊದಲ ದಿನವೇ ಪಕ್ಷ ಸೇರಿದರು.

ಭಾನುವಾರ ಮಧ್ಯಾಹ್ನ ನಾಲ್ಕನೇ ಮಹಡಿಯಲ್ಲಿ ಊಟ, ಊಟದ ಜೊತೆ ಭಾಷಣ.

"ಸರ್ಕಾರ ಕೈ ಹಾಕಿದ ಕಡೆ ಎಂತ ಆಗ್ತದೆ ಗೊತ್ತುಂಟಾ? ಸಾಲು ಉದ್ದ ಆಗ್ತದೆ, ಡಾಕ್ಟ್ರ ಮುಖ ಸಣ್ಣ ಆಗ್ತದೆ! ಹೋಳಿಗೆ ತಿಂದು ಶುಗರ್ ಬರಿಸಿಕೊಂಡವನ ಮದ್ದಿಗೆ, ದಿನಾ ಬೆಳಿಗ್ಗೆ ವಾಕಿಂಗ್ ಹೋಗುವವ ಯಾಕೆ ದುಡ್ಡು ಕೊಡ್ಬೇಕು? ಹೇಳಿ ನೋಡುವ."

ಹೇಳುತ್ತ ನನ್ನ ತಟ್ಟೆಯ ಕಡೆ ನೋಡಿದರು. ನಾನು ಮೂರನೇ ಹೋಳಿಗೆಯನ್ನು ಮೆಲ್ಲನೆ ಪಾತ್ರೆಗೆ ಹಿಂದಿರುಗಿಸಿದೆ. ಆದರೆ ವಾದ ಬಿಡದೆ ಕೇಳಿದೆ.

"ಅಣ್ಣ, ವಾಕಿಂಗ್ ಹೋಗುವವನೂ ಬಿದ್ದು ಕಾಲು ಮುರ್ಕೊಳ್ತಾನಲ್ಲ? ಆಗ?"

"ಅದಕ್ಕೇ ಹೇಳುವುದು ಮಾರಾಯ, ಮನುಷ್ಯನಿಗೆ ನೆರೆಹೊರೆ ಇರ್ಬೇಕು. ಸರ್ಕಾರಿ ಆಫೀಸು ಅಲ್ಲ!"

ಎಲ್ಲರೂ ತಲೆದೂಗಿದರು. ನನ್ನ ಹೆಂಡತಿಯಂತೂ ಸಾರಿನ ಸೌಟು ಹಿಡಿದುಕೊಂಡೇ ಹೇಳಿದಳು: "ಭಾವ ಎಷ್ಟು ಓದ್ಕೊಂಡಿದ್ದಾರೆ ನೋಡಿ!" ನನ್ನ ಪ್ರಶ್ನೆಗೆ ಅದು ಉತ್ತರವೇ ಎಂದು ಒಬ್ಬರಾದರೂ ಕೇಳಬೇಡವೇ?

ನೆರೆಹೊರೆ ಎಂದು ಬಾಯಲ್ಲಿ ಹೇಳಿ ಬಿಡುವ ಜನ ಅವರಲ್ಲ ಎಂಬುದನ್ನು ಹೊಟ್ಟೆಕಿಚ್ಚಿನ ನಡುವೆಯೂ ಒಪ್ಪಬೇಕು. ನಮ್ಮ ಬೀದಿಯ ಕನ್ನಡದವರು, ತುಳುವರು, ಕೊಂಕಣಿಯವರು ಯಾರೇ ಆಸ್ಪತ್ರೆ ಸೇರಲಿ, ಷಡ್ಡಕರು ಒಂದು ಪಟ್ಟಿ ಹೊರಡಿಸುತ್ತಾರೆ. ಯಾವ ದಿನ ಯಾರ ಮನೆಯಿಂದ ಗಂಜಿ, ಯಾರ ಮನೆಯಿಂದ ಚಟ್ನಿ, ಯಾರು ತಲುಪಿಸುವುದು ಎಲ್ಲ ಅದರಲ್ಲಿರುತ್ತದೆ. ‘ಯಾರು ತಲುಪಿಸುವುದು’ ಎಂಬಲ್ಲಿ ಹೆಚ್ಚಾಗಿ ನನ್ನ ಹೆಸರು. ಆಸ್ಪತ್ರೆಯ ಮಹಡಿ, ಲಿಫ್ಟು ನನಗೆ ಗೊತ್ತಿದೆಯಂತೆ! ಗಂಜಿಯ ಕ್ಯಾರಿಯರ್ ಹಿಡಿದು ನಾನು ವಾರ್ಡಿಗೆ ಹೋದರೆ ರೋಗಿ ಕೈಮುಗಿದು ಹೇಳುವುದೇನು? "ನಿಮ್ಮ ಅಣ್ಣನಿಗೆ ದೇವರು ಒಳ್ಳೇದು ಮಾಡ್ಲಿ." ಹೊತ್ತವನು ನಾನು, ಪುಣ್ಯ ಅವರಿಗೆ.

ಅಮೆರಿಕದ ಮತ ಎಣಿಕೆಯ ದಿನ ಅವರು ಗೋದಾಮಿಗೆ ರಜೆ ಹಾಕಿ, ಮಿಂದು, ಟೀವಿಯ ಮುಂದೆ ಕೂರುತ್ತಾರೆ. ಅಲ್ಲಿಯ ರಾತ್ರಿ ನಮಗೆ ಬೆಳಿಗ್ಗೆಯಾದ್ದರಿಂದ ತಿಂಡಿಗೂ ಅನುಕೂಲ. ಕಳೆದ ಸಲ ನಾನೂ ಹೋಗಿದ್ದೆ. ಒಂದು ರಾಜ್ಯ ಆನೆಗೆ ಬಂದಾಗ ಅವರು ಎಲ್ಲರಿಗೂ ಸಕ್ಕರೆ ಹಂಚಿದರು. ನಾನು ಮೆಲ್ಲನೆ ಕೇಳಿದೆ.

"ಅಣ್ಣ, ಅಮೆರಿಕದಲ್ಲಿ ನಿಮಗೆ ಓಟಿಲ್ಲ. ಇಲ್ಲಿಯೂ ಇಲ್ಲ. ಊರಿನ ಪಟ್ಟಿಯಿಂದಲೂ ನಿಮ್ಮ ಹೆಸರು ಹೋಗಿದೆ. ಪ್ರಪಂಚದಲ್ಲಿ ಎಲ್ಲೂ ಓಟಿಲ್ಲದ ಮನುಷ್ಯನಿಗೆ ಇಷ್ಟು ಬಿಸಿ ಯಾಕೆ?"

"ಓಟಿದ್ದವ ಒಂದು ದಿನ ಯೋಚನೆ ಮಾಡ್ತಾನೆ ಮಾರಾಯ. ಇಲ್ಲದವನೇ ಐದು ವರ್ಷವೂ ಯೋಚನೆ ಮಾಡುವುದು."

ಅಲ್ಲಿ ನಾಲ್ಕೇ ವರ್ಷ ಎಂದು ತಿದ್ದಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಕೋಣೆಯಲ್ಲಿ ಚಪ್ಪಾಳೆ ಬಿದ್ದಾಗಿತ್ತು.

ಅವರ ಇನ್ಶೂರೆನ್ಸ್ ಕಾರ್ಡಿನ ಕತೆಯೇ ಬೇರೆ. ಕಂಪನಿ ಕೊಟ್ಟ ಕಾರ್ಡನ್ನು ಅವರು ಒಮ್ಮೆಯೂ ಆಸ್ಪತ್ರೆಯಲ್ಲಿ ತೋರಿಸಿದವರಲ್ಲ. ನೆಗಡಿಗೆಲ್ಲ ಕಾರ್ಡು ಉಜ್ಜಿದರೆ ಎಲ್ಲರ ಪ್ರೀಮಿಯಂ ಏರುತ್ತದೆ, ಆದ್ದರಿಂದ ಕಾಯಿಲೆ ಬೀಳದಿರುವುದು ಪ್ರಜೆಯ ಕರ್ತವ್ಯ ಎಂಬುದು ಅವರ ವಾದ. ಹಾಗೆಂದು ಕಾರ್ಡು ವ್ಯರ್ಥವಾಗಲಿಲ್ಲ. ಗೋದಾಮಿನ ಹೊರಗೆ ನಿಲ್ಲಿಸಿದ ಕಾರಿನ ಗಾಜಿಗೆ ಮರಳು ಅಂಟಿದರೆ ಅದರಿಂದಲೇ ಕೆರೆಯುತ್ತಾರೆ. ಹನ್ನೊಂದು ವರ್ಷ ಇನ್ಶೂರೆನ್ಸ್ ಕಾರ್ಡನ್ನು ಎರಡು ಕೈಯಲ್ಲಿ ಇಸಿದುಕೊಂಡ ನನ್ನ ಕಣ್ಣ ಮುಂದೆಯೇ!

ಇದೆಲ್ಲವನ್ನೂ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ನಡೆದದ್ದು ನನ್ನ ಮಗನಿಂದ. ಒಂಬತ್ತನೇ ತರಗತಿಯ ಅವನಿಗೆ ಶಾಲೆಯಲ್ಲಿ ಚರ್ಚಾ ಸ್ಪರ್ಧೆ. ವಿಷಯ ಏನು ಗೊತ್ತೇ? ಜನರ ಚಿಕಿತ್ಸೆಯ ಹೊಣೆ ಸರ್ಕಾರದ್ದೋ, ಅವರವರದ್ದೋ! ನನಗೆ ಖುಷಿಯೋ ಖುಷಿ. ಕೌಂಟರಿನಲ್ಲಿ ಕಂಡ ಕತೆಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡು, ಮುಖ ತೊಳೆದು, ಸೋಫಾದಲ್ಲಿ ಕಾದು ಕುಳಿತೆ. ಮಗ ಪುಸ್ತಕ ಹಿಡಿದು ಹೊರಗೆ ಬಂದ. ನನ್ನ ಮುಂದಿನಿಂದಲೇ ಹಾದು ಚಪ್ಪಲಿ ಹಾಕಿಕೊಂಡ.

"ಎಲ್ಲಿಗಾ?"

"ದೊಡ್ಡಪ್ಪನ ಹತ್ರ. ಡಿಬೇಟ್ ಪಾಯಿಂಟ್ಸ್."

"ನಾನಿದ್ದೇನಲ್ಲ ಇಲ್ಲಿ! ದಿನಾ ಅದೇ ಕೆಲಸ ಮಾಡುವವ!"

"ಅಪ್ಪಾ, ಯೂ ಓನ್ಲಿ ಡು ದ ಫಾರ್ಮ್ಸ್," ಎಂದು ಲಿಫ್ಟು ಹತ್ತಿದ. ಸ್ಪರ್ಧೆಯಲ್ಲಿ ಮೊದಲ ಬಹುಮಾನವೂ ಬಂತು. ಆ ಬಹುಮಾನದ ಕಪ್ ಈಗ ಯಾವ ಮಹಡಿಯಲ್ಲಿದೆ ಎಂದು ಬೇರೆ ಹೇಳಬೇಕೇ? ಅಂದು ರಾತ್ರಿ ನಾನು ಊಟ ಬಿಟ್ಟೆ. ಯಾರೂ ಗಮನಿಸಲಿಲ್ಲ.

ಎರಡು ತಿಂಗಳ ಹಿಂದೆ ಒಂದು ಮಂಗಳವಾರ, ಬೆಳಿಗ್ಗೆ ಹತ್ತರ ಹೊತ್ತು. ತಲೆಯೆತ್ತದೆ "ಕಾರ್ಡ್ ಪ್ಲೀಸ್" ಎಂದೆ. ಮುಂದೆ ಬಂದ ಕಾರ್ಡು ಎಷ್ಟು ಕೆರೆದು ಹೋಗಿತ್ತೆಂದರೆ ಒಂದು ಅಂಕಿಯೂ ಕಾಣುತ್ತಿರಲಿಲ್ಲ. ತಲೆಯೆತ್ತಿದೆ. ಅಣ್ಣ! ಇಸ್ತ್ರಿ ಮಾಡಿದ ಅಂಗಿ, ಎಸಿಯ ತಂಪಿನಲ್ಲೂ ಹಣೆ ತುಂಬ ಬೆವರು.

"ಎಂತ ಇಲ್ಲ ಮಾರಾಯ, ಗ್ಯಾಸ್. ಮೂರು ದಿನದಿಂದ ಎದೆಯಲ್ಲಿ ಕೂತಿದೆ. ಓಮದ ಕಷಾಯ ಕುಡಿದೆ, ಇಳಿಯುವುದಿಲ್ಲ. ಮನೆಯಲ್ಲಿ ಹೇಳ್ಬೇಡ."

ನಮ್ಮ ಕಡೆಯವರಿಗೆ ಎದೆಯೊಳಗೆ ಏನಾದರೂ ಅದು ಗ್ಯಾಸೇ. ಅಲ್ಲಿ ಹೃದಯವೂ ಒಂದು ಇದೆ ಎಂಬುದು ನೆನಪಾಗುವಾಗ ಮೂರು ದಿನ ಕಳೆದಿರುತ್ತದೆ.

ನಿಜ ಹೇಳುತ್ತೇನೆ, ಈ ದಿನದ ಕನಸನ್ನು ನಾನು ಎಷ್ಟೋ ಸಲ ಕಂಡಿದ್ದೆ. ಅವರು ಕೌಂಟರಿನ ಆ ಕಡೆ, ನಾನು ಈ ಕಡೆ. ‘ನೆರೆಹೊರೆಯವರನ್ನು ಕೇಳಿದಿರಾ ಅಣ್ಣ?’ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಅಷ್ಟರಲ್ಲಿ ಅವರು ಫಾರ್ಮನ್ನು ನನ್ನ ಕಡೆ ತಳ್ಳಿದರು. ಹೆಸರಿನ ಮೊದಲ ಎರಡು ಅಕ್ಷರ ಬರೆದಿದ್ದರು, ಆಮೇಲೆ ಪೆನ್ನು ಎಲ್ಲೆಲ್ಲೋ ಹೋಗಿತ್ತು.

"ಎಂತ ಬರೀಬೇಕು ಗೊತ್ತಾಗ್ತಾ ಇಲ್ಲ. ನೀನೇ ಬರಿ."

ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಅವರು ನನ್ನನ್ನು ಏನೋ ಕೇಳಿದ್ದರು. ನನಗೆ ಒಂದು ಚೂರೂ ಸಂತೋಷವಾಗಲಿಲ್ಲ. ಹೆದರಿಕೆಯಾಯಿತು. ಫಾರ್ಮು ಅಲ್ಲೇ ಬಿಟ್ಟು, ಅಪ್ರೂವಲ್ಲಿನ ಮಾತೆತ್ತದೆ, ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನೇರ ಎಮರ್ಜೆನ್ಸಿಗೆ ತಳ್ಳಿಕೊಂಡು ಓಡಿದೆ. ಆ ಸ್ಥಿತಿಯಲ್ಲೂ ಮನುಷ್ಯ ಸುಮ್ಮನಿದ್ದರೆ ಕೇಳಿ!

"ಅಲ್ಲಿ ಜನ ಸಾಲಿನಲ್ಲಿ ಇದ್ದಾರಲ್ಲ ಮಾರಾಯ, ನಾವು ಮುಂದೆ ನುಗ್ಗುವುದು ಸರಿಯಲ್ಲ."

"ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಅಣ್ಣ," ಎಂದೆ. ಕೂತರು.

ತುರ್ತಿಗೆ ಯಾರ ಫೋನ್ ನಂಬರ್ ಬರೆಯಲಿ ಎಂದು ನರ್ಸ್ ಕೇಳಿದಳು. ಅವರು ಕಣ್ಣು ಮುಚ್ಚಿಕೊಂಡೇ ಒಂದು ನಂಬರನ್ನು ಬಾಯಿಪಾಠ ಹೇಳಿದರು. ಅದು ನನ್ನದು.

"ಅತ್ತಿಗೆಯ ನಂಬರ್ ಕೊಡಿ ಅಣ್ಣ."

"ಅವಳು ಅಳ್ತಾ ಕೂತ್ಕೊಳ್ತಾಳೆ. ನೀನಾದ್ರೆ ಬೈಕೊಂಡಾದ್ರೂ ಓಡಿ ಬರ್ತಿ."

ನಾನು ಗೋಡೆಯ ಕಡೆ ತಿರುಗಿ ಅಲ್ಲಿದ್ದ ಕೈತೊಳೆಯುವ ಸೂಚನೆಗಳನ್ನು ಬಹಳ ಹೊತ್ತು ಓದಿದೆ.

ಹೃದಯದ ಒಂದು ರಕ್ತನಾಳ ಕಟ್ಟಿದೆ, ಈಗಲೇ ಬಿಡಿಸಬೇಕು ಎಂದರು ಡಾಕ್ಟರು. ಅವರನ್ನು ಒಳಗೆ ಒಯ್ದು ಬಾಗಿಲು ಹಾಕಿದರು. ಅರ್ಧ ಗಂಟೆಯಲ್ಲಿ ಹೆಂಡತಿ, ಅತ್ತಿಗೆ, ಅತ್ತೆ ಎಲ್ಲರೂ ಬಂದು ನನ್ನನ್ನು ಸುತ್ತುವರಿದರು. ಏನಾಗಿದೆ, ಏನು ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಆಸೆಪಟ್ಟ ಸಭೆ ಕೊನೆಗೂ ಸೇರಿತ್ತು. ಮಣಿಕಟ್ಟಿನಿಂದ ಸಣ್ಣ ತಂತಿ ಹಾಕುತ್ತಾರೆ ಎಂದು ಹೇಗೋ ಹೇಳಿ ಮುಗಿಸಿದೆ.

ಮಗ ಶಾಲೆಯ ಯೂನಿಫಾರ್ಮಿನಲ್ಲೇ ಓಡಿ ಬಂದ. ಬ್ಯಾಗು ಕೆಳಗಿಳಿಸದೆ ನನ್ನ ಅಂಗಿಯ ತೋಳು ಹಿಡಿದುಕೊಂಡ. ಎಷ್ಟೋ ದಿನಗಳ ಮೇಲೆ ಪೂರ್ತಿ ಕನ್ನಡದಲ್ಲಿ ಕೇಳಿದ.

"ಅಪ್ಪಾ, ದೊಡ್ಡಪ್ಪನಿಗೆ ಗುಣ ಆಗ್ತದಲ್ಲ? ನಿಮಗೆ ಇದೆಲ್ಲ ಗೊತ್ತುಂಟಲ್ಲ?"

ಆ ಪ್ರಶ್ನೆಗಾಗಿ, ಆ ನಂಬಿಕೆಗಾಗಿ ನಾನು ಕಾದ ವರ್ಷಗಳೆಷ್ಟು! ಅವನ ತಲೆಯ ಮೇಲೆ ಕೈಯಿಟ್ಟೆ.

"ಈಗ ಹೊರಗೆ ಬರ್ತಾರೆ ಮಗಾ. ಅವರನ್ನೇ ಕೇಳು."

ಕೇಳಲಿ. ಎಲ್ಲರೂ ಯಾವತ್ತೂ ಅವರನ್ನೇ ಕೇಳಲಿ, ನಾನು ಒಂದು ಮೂಲೆಯಲ್ಲಿ ಕೂತು ಸಾಯುವವರೆಗೂ ಹೊಟ್ಟೆಕಿಚ್ಚು ಪಡುತ್ತೇನೆ, ಆ ಮನುಷ್ಯನನ್ನು ಒಮ್ಮೆ ಹೊರಗೆ ಕಳಿಸು ಎಂದು ಮುಚ್ಚಿದ ಬಾಗಿಲನ್ನೇ ನೋಡುತ್ತ ದೇವರಿಗೆ ಹೇಳಿಕೊಂಡೆ.